ಸ್ಟುಟ್‌ಗಾರ್ಟ್‌ನಿಂದ ಮ್ಯೂನಿಕ್‌ಗೆ: ಎಪ್ಪತ್ತರ ದಶಕದ 450 ಎಸ್‌ಇ ಜೊತೆ ಬುಧವಾರದಿಂದ ಭಾನುವಾರ

ಈ ದಾರಿಗೆ ಬುಧವಾರ ಹೊರಡುವುದೇ ಸರಿ. ಸ್ಟುಟ್‌ಗಾರ್ಟ್‌ನ ಮರ್ಸಿಡಿಸ್, ಪೋರ್ಶೆ ಮ್ಯೂಸಿಯಂಗಳು, ಮ್ಯೂನಿಕ್‌ನ ಬಿಎಂಡಬ್ಲ್ಯು ಮ್ಯೂಸಿಯಂ, ಮೂರಕ್ಕೂ ಸೋಮವಾರ ರಜೆ. ಏಳೂವರೆ ಟನ್ ಮೀರಿದ ಲಾರಿಗಳು ಭಾನುವಾರ ರಾತ್ರಿ ಹತ್ತರವರೆಗೆ ರಸ್ತೆಗಿಳಿಯುವಂತಿಲ್ಲ. ಆದ್ದರಿಂದ ಆಟೋಬಾನ್ (ಜರ್ಮನಿಯ ವೇಗದ ಹೆದ್ದಾರಿ) ಓಟವನ್ನು ಭಾನುವಾರಕ್ಕೆ ಇಟ್ಟುಕೊಂಡರೆ ಗಾಡಿಗೂ ಓಡಿಸುವವರಿಗೂ ನೆಮ್ಮದಿ. ಅದೇ ಭಾನುವಾರ ಅಂಗಡಿಗಳೂ ತೆರೆಯುವುದಿಲ್ಲ, ಫ್ಯೂಸೊಂದು ಹೋದರೂ ಸಿಗುವುದಿಲ್ಲ. ಅದರ ಏರ್ಪಾಡು ಶನಿವಾರದ ಭಾಗದಲ್ಲಿದೆ.

ಗಾಡಿ ಡಬ್ಲ್ಯೂ116, ಅಂದರೆ ಮರ್ಸಿಡಿಸ್ ಅಧಿಕೃತವಾಗಿ ಎಸ್-ಕ್ಲಾಸ್ ಎಂದು ಕರೆದ ಮೊದಲ ಪೀಳಿಗೆ. 1972ರಿಂದ 1980ರವರೆಗೆ ತಯಾರಾಯಿತು. ಅದರಲ್ಲಿ 450 ಎಸ್‌ಇ: 4.5 ಲೀಟರಿನ ವಿ8, ಮೂರು ಗೇರಿನ ಆಟೋಮ್ಯಾಟಿಕ್, 96 ಲೀಟರಿನ ಟ್ಯಾಂಕು. 1974ರಲ್ಲಿ ಯುರೋಪಿನ ವರ್ಷದ ಕಾರು ಎನಿಸಿಕೊಂಡದ್ದು ಇದೇ. ಹಳೆಯ ಕಾರು ಬಾಡಿಗೆಗೆ ಕೊಡುವಲ್ಲಿ ಎಲ್ಲರ ಕಣ್ಣೂ ಬೀಳುವುದು ಮರ್ಸಿಡಿಸ್‌ನ ಎಸ್‌ಎಲ್ ಮೇಲೆ, ಇಲ್ಲವೇ ಪೋರ್ಶೆಯ 911 ಮೇಲೆ. ಆ ಎರಡರಲ್ಲೂ ನಾಲ್ಕು ಜನ ದೊಡ್ಡವರು ಪೆಟ್ಟಿಗೆ ಸಮೇತ ಕೂರಲಾಗದು. ಮೇಲಾಗಿ ಕಾಡಿನ ರಸ್ತೆಯಲ್ಲಿ ಸೆಡಾನಿನ ನಡೆಯೇ ಹಿತ ಎಂಬುದು ಓಡಿಸಿದ ಮೇಲಷ್ಟೇ ಗೊತ್ತಾಗುತ್ತದೆ. ಆಯ್ಕೆ ಇದ್ದರೆ 1976 ಅಥವಾ ಆಮೇಲಿನ ಗಾಡಿ ಕೇಳಿ. ಅದರಲ್ಲಿ ಇರುವುದು ಬಾಷ್‌ನ ಕೆ-ಜೆಟ್ರಾನಿಕ್, ಅಂದರೆ ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ, ಪೂರ್ತಿ ಯಾಂತ್ರಿಕ. ಅದಕ್ಕೂ ಹಿಂದಿನದರಲ್ಲಿ ಇರುವ ಡಿ-ಜೆಟ್ರಾನಿಕ್‌ನ ಒತ್ತಡ ಸಂವೇದಕ ಕೆಟ್ಟರೆ ರಸ್ತೆ ಬದಿಯಲ್ಲಿ ಮಾಡುವಂಥದ್ದು ಏನೂ ಇಲ್ಲ.

ನಂಬರ್ ಪ್ಲೇಟಿನ ಕೊನೆಯಲ್ಲಿ ಎಚ್ ಅಕ್ಷರ ಇದೆಯೇ ನೋಡಿಕೊಳ್ಳಿ. ಮೂವತ್ತು ವರ್ಷ ದಾಟಿದ, ಮೂಲ ಸ್ಥಿತಿಯಲ್ಲಿರುವ ಗಾಡಿಗೆ ಮಾತ್ರ ಅದು ಸಿಗುತ್ತದೆ. ಇದ್ದರೆ ನಗರದ ಪರಿಸರ ವಲಯಗಳಿಗೆ ಹಸಿರು ಸ್ಟಿಕ್ಕರ್ ಇಲ್ಲದೆಯೂ ಹೋಗಬಹುದು. ತ್ರಿಕೋನ ಫಲಕ, ಹೊಳೆಯುವ ಜಾಕೆಟ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮೂರೂ ಡಿಕ್ಕಿಯಲ್ಲಿರಲೇಬೇಕು. ಭಾರತದ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಪರವಾನಗಿಯೂ ಜೇಬಿನಲ್ಲಿರಲಿ.

ಬುಧವಾರ: ಸ್ಟುಟ್‌ಗಾರ್ಟ್, ಉಂಟರ್‌ಟುರ್ಕ್‌ಹೈಮ್

ಗಾಡಿ ತೆಗೆದುಕೊಳ್ಳಲು ಬೆಳಗ್ಗೆ ಬೇಗ ಹೋಗಿ, ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಮಾಲೀಕರು ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ ಅನುಮಾನಪಡುವುದು ತಪ್ಪಲ್ಲ. ತಣ್ಣಗಿನ ವಿ8 ಚಾಲೂ ಆದ ಮೊದಲ ಎರಡು ಸೆಕೆಂಡು ಕಿವಿ ಅಲ್ಲೇ ಇರಲಿ. ಟೈಮಿಂಗ್ ಚೈನು ಗಲಗಲ ಎಂದು ಸದ್ದು ಮಾಡಿ ಸುಮ್ಮನಾದರೆ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್‌ನಲ್ಲಿ ಒತ್ತಡ ನಿಲ್ಲುತ್ತಿಲ್ಲ, ಅಥವಾ ಚೈನು ಜಗ್ಗಿದೆ ಎಂದು ಅರ್ಥ. ಚೈನಿಗೆ ದಾರಿ ತೋರಿಸುವ ಪ್ಲಾಸ್ಟಿಕ್ ಪಟ್ಟಿಗಳು ವರ್ಷಗಳ ಬಿಸಿಗೆ ಬೆಂದು ಬಿಸ್ಕೆಟ್ಟಿನಂತೆ ಮುರಿಯುತ್ತವೆ. ಮುರಿದ ಚೂರು ಚೈನಿಗೆ ಸಿಕ್ಕಿಕೊಂಡರೆ ಚೈನು ಹಲ್ಲು ಹಾರುತ್ತದೆ, ವಾಲ್ವು ಬಾಗುತ್ತದೆ, ಪ್ರವಾಸ ಅಲ್ಲಿಗೆ ಮುಗಿಯಿತು. 1,60,000 ಕಿಮೀ ಆಸುಪಾಸಿನಲ್ಲಿ ಚೈನು, ಪಟ್ಟಿ ಎರಡನ್ನೂ ಒಟ್ಟಿಗೆ ಬದಲಾಯಿಸಿದ ರಸೀದಿ ಇದೆಯೇ ಕೇಳಿ. ಬಿಸಿಯಾದ ಮೇಲೂ ಮೇಲಿನಿಂದ ಟಿಕ್ ಟಿಕ್ ಎನ್ನುತ್ತಿದ್ದರೆ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್‌ಗೆ ಎಣ್ಣೆ ಒಯ್ಯುವ ಕೊಳವೆಯ ಪುಟ್ಟ ಪ್ಲಾಸ್ಟಿಕ್ ಜೋಡಣೆಗಳನ್ನು ಸಂಶಯಿಸಬೇಕು. ಅವು ಕಳಚಿದರೆ ಕ್ಯಾಮಿನ ಉಬ್ಬುಗಳು ಎಣ್ಣೆಯಿಲ್ಲದೆ ಸವೆಯುತ್ತವೆ. ಕೆಲವೇ ಯೂರೋಗಳ ಸಾಮಾನು ಸಾವಿರಾರು ಯೂರೋಗಳ ಕೆಲಸ ತಂದಿಡುವುದು ಹೀಗೆ.

ಚಾಲೂ ಮಾಡುವಾಗ ಆಕ್ಸಿಲರೇಟರ್ ಮುಟ್ಟಬೇಡಿ. ಕಾರ್ಬೊರೇಟರ್ ಗಾಡಿಯ ಅಭ್ಯಾಸದಿಂದ ಎರಡು ಸಲ ಒತ್ತಿ ಬಿಡುವವರಿದ್ದಾರೆ. ಕೆ-ಜೆಟ್ರಾನಿಕ್‌ನಲ್ಲಿ ಒತ್ತಿದಾಗ ಪೆಟ್ರೋಲ್ ಚಿಮ್ಮಿಸುವ ಪಂಪೇ ಇಲ್ಲ. ತಣ್ಣಗಿನ ಚಾಲನೆಗೆಂದೇ ಬೇರೆ ಇಂಜೆಕ್ಟರ್ ಇದೆ, ಅದು ತನ್ನಷ್ಟಕ್ಕೆ ಸಿಂಪಡಿಸುತ್ತದೆ.

ಎಂಜಿನ್ ಎಣ್ಣೆ ಸುಮಾರು ಎಂಟು ಲೀಟರ್ ಹಿಡಿಯುತ್ತದೆ, 20ಡಬ್ಲ್ಯೂ-50 ಸಾಕು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನು ಮಾತ್ರ ಗಾಡಿ ಓಡಿ ಬಿಸಿಯಾದ ಮೇಲೆ, ಸಮತಟ್ಟು ಜಾಗದಲ್ಲಿ, ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ, ಪಿ ಸ್ಥಾನದಲ್ಲಿ ನೋಡಬೇಕು. ತಣ್ಣಗಿರುವಾಗ ಮಟ್ಟ ಮೂರು ಸೆಂಟಿಮೀಟರ್ ಕೆಳಗೆ ತೋರಿಸುತ್ತದೆ. ಅದನ್ನು ಕಡಿಮೆ ಎಂದುಕೊಂಡು ತುಂಬಿಸಿದರೆ ಎಣ್ಣೆ ನೊರೆಯೆದ್ದು ಸೀಲುಗಳಿಂದ ಹೊರಬರುತ್ತದೆ. ಟೈರಿನ ಬದಿಯಲ್ಲಿ ನಾಲ್ಕಂಕಿಯ ಗುರುತಿದೆ: ಮೊದಲ ಎರಡು ವಾರ, ನಂತರದ ಎರಡು ವರ್ಷ. ಟೈರಿನ ಗೀರುಗಳು ಎಷ್ಟೇ ಆಳವಿರಲಿ, ಹತ್ತು ವರ್ಷ ಹಳೆಯ ರಬ್ಬರಿನ ಮೇಲೆ ಆಟೋಬಾನಿಗೆ ಹೋಗಬಾರದು. ಕೊನೆಗೆ ಎಂಜಿನ್ ಕೋಣೆಗೆ ಮೂಗು ಬಗ್ಗಿಸಿ ಉಸಿರೆಳೆಯಿರಿ. ಪೆಟ್ರೋಲ್ ವಾಸನೆ ಬಂದರೆ ಗಾಡಿ ಬೇಡ ಎಂದುಬಿಡಿ. ಹಳೆಯ ಪೈಪುಗಳನ್ನು ಎಥನಾಲ್ ಒಣಗಿಸಿ ಸೀಳುತ್ತದೆ, ಒತ್ತಡ ಐದು ಬಾರ್ ಆಚೀಚೆ. ಬಂಕಿನಲ್ಲಿ ಎಥನಾಲ್ ಹೆಚ್ಚು ಬೆರೆತ ಇ10 ಪೆಟ್ರೋಲ್ ಬಿಟ್ಟು ಸೂಪರ್ ಪ್ಲಸ್ ಹಾಕಿಸುವುದು ಇದೇ ಕಾರಣಕ್ಕೆ.

ಮಧ್ಯಾಹ್ನ ಮರ್ಸಿಡಿಸ್ ಮ್ಯೂಸಿಯಂ. 2006ರಲ್ಲಿ ತೆರೆದ ಈ ಕಟ್ಟಡದಲ್ಲಿ ಮೊದಲು ಲಿಫ್ಟಿನಲ್ಲಿ ತುದಿಗೆ ಹೋಗಿ, ಒಂದಕ್ಕೊಂದು ಹೆಣೆದುಕೊಂಡ ಎರಡು ಸುರುಳಿ ದಾರಿಗಳಲ್ಲಿ ಇಳಿಯುತ್ತ ಬರಬೇಕು. ಪೂರ್ತಿ ನೋಡಲು ಹೊರಟರೆ ಕಾಲು ಸೋಲುತ್ತದೆ. ಈ ಪ್ರವಾಸಕ್ಕೆ ಬೇಕಾದದ್ದು 1960ರಿಂದ 1982ರವರೆಗಿನ ಸುರಕ್ಷತೆ ಮತ್ತು ಪರಿಸರದ ವಿಭಾಗ. ಎಪ್ಪತ್ತರ ದಶಕದ ಮರ್ಸಿಡಿಸ್ ಎಂದರೆ ಕ್ರೋಮ್, ವೆಲ್ವೆಟ್ ಎಂದುಕೊಂಡವರಿಗೆ ಅಲ್ಲಿ ಬೇರೆಯದೇ ಕಾಣುತ್ತದೆ. 1969ರ ಸಿ111 ಪ್ರಯೋಗದ ಗಾಡಿಯಲ್ಲಿ ಪರೀಕ್ಷಿಸಿದ ಮುಂಭಾಗದ ಸಸ್ಪೆನ್ಷನ್ ವಿಚಾರಗಳೇ ಡಬ್ಲ್ಯೂ116ಕ್ಕೆ ಬಂದವು. ಬ್ರೇಕ್ ಒತ್ತಿದಾಗ ಇದರ ಮೂಗು ನೆಲಕ್ಕೆ ಬಾಗುವುದಿಲ್ಲ. 1978ರಲ್ಲಿ ಬಾಷ್‌ನ ಎಬಿಎಸ್ ಮೊದಲು ಬಂದದ್ದೂ ಇದೇ ಗಾಡಿಗೆ.

ಇದರ ಅಣ್ಣ 450 ಎಸ್‌ಇಎಲ್ 6.9. 1973ರ ತೈಲ ಬಿಕ್ಕಟ್ಟಿನಿಂದ ತಡವಾಗಿ 1975ರಲ್ಲಿ ಬಂತು. 286 ಅಶ್ವಶಕ್ತಿ, ಬೆಲೆ 69,930 ಮಾರ್ಕ್, ಒಟ್ಟು ತಯಾರಾದದ್ದು 7,380. ಅದರ ಸಸ್ಪೆನ್ಷನ್ ಸ್ಪ್ರಿಂಗಿನದಲ್ಲ, ಎಣ್ಣೆ ಮತ್ತು ನೈಟ್ರೋಜನ್‌ನದು. ಅದನ್ನು ಹಿಡಿದಿಡುವ ಲೋಹದ ಗುಂಡುಗಳಿಂದ ನೈಟ್ರೋಜನ್ ಸೋರಿಹೋದರೆ ಗಾಡಿ ಎತ್ತಿನಬಂಡಿಯಾಗುತ್ತದೆ. ಎಪ್ಪತ್ತರ ಜರ್ಮನ್ ಕಾರುಗಳನ್ನೆಲ್ಲ ಹೀಗೇ ಓದಬೇಕು: ಯಾವುದರಿಂದ ಹೆಸರು ಬಂತೋ ಕೈಕೊಡುವುದೂ ಬಹುಪಾಲು ಅದೇ.

ಗುರುವಾರ: ಜುಫನ್‌ಹೌಸನ್, ಸಾಲಿಟ್ಯೂಡ್

ಪೋರ್ಶೆ ಮ್ಯೂಸಿಯಂ ಇರುವುದು ಕಾರ್ಖಾನೆಯ ಎದುರಿಗೇ. ಒಳಹೋಗುತ್ತಿದ್ದಂತೆ ಗಾಜಿನಾಚೆ ವರ್ಕ್‌ಶಾಪ್ ಕಾಣುತ್ತದೆ. ಮೇಲೆ ಹೊಳೆಯುವ ಗಾಡಿಗಳಿಗಿಂತ ಅಲ್ಲಿ ಬಿಚ್ಚಿಟ್ಟ ಎಂಜಿನ್ ಹೆಚ್ಚು ಪಾಠ ಹೇಳುತ್ತದೆ, ಅದೃಷ್ಟವಿದ್ದರೆ ಅದು ಗಾಳಿಯಿಂದ ತಣಿಯುವ ಫ್ಲಾಟ್ ಸಿಕ್ಸ್, ಅಂದರೆ ಆರು ಸಿಲಿಂಡರ್ ಅಡ್ಡ ಮಲಗಿದ ಎಂಜಿನ್ ಆಗಿರುತ್ತದೆ.

1972ರ ಕರೇರಾ ಆರ್‌ಎಸ್ 2.7ರ ಬಾತುಕೋಳಿ ಬಾಲದಂಥ ಹಿಂಬದಿ ರೆಕ್ಕೆಯ ಮುಂದೆ ಯಾವಾಗಲೂ ಜನ. ರೇಸಿನ ಪರವಾನಗಿಗೆ 500 ಸಾಕಿತ್ತು, ಮಾರಾಟವಾದದ್ದು 1,580. ಆದರೆ ಸಾಮಾನ್ಯ ಮನುಷ್ಯ ಬಾಡಿಗೆಗೆ ಪಡೆಯುವುದು, ಕೊಳ್ಳುವ ಕನಸು ಕಾಣುವುದು, 1973ರಲ್ಲಿ ಶುರುವಾದ ಜಿ ಸರಣಿಯ 911. ಅಮೆರಿಕದ ಅಪಘಾತ ಸುರಕ್ಷತೆಯ ನಿಯಮಕ್ಕಾಗಿ ಬಂದ ಕಪ್ಪು ಮಡಿಕೆಯ ಬಂಪರಿನದು. ಅದರಲ್ಲಿ 2.7 ಮತ್ತು 3.0ರ ನಡುವಿನ ವ್ಯತ್ಯಾಸ 300 ಸಿಸಿ ಮಾತ್ರ ಎಂದುಕೊಂಡರೆ ಕೆಟ್ಟಿರಿ. 2.7ರ ಎಂಜಿನ್ ಹೊರಕವಚ ಮೆಗ್ನೀಷಿಯಂ. ಹಗುರ ನಿಜ. ಆದರೆ ಸಿಲಿಂಡರ್ ಹೆಡ್ಡನ್ನು ಹಿಡಿದ ಉದ್ದನೆಯ ಬೋಲ್ಟುಗಳು ಬಿಸಿಗೆ ಆ ಮೆದು ಲೋಹದಿಂದ ಮರೆ (ತಿರುಪಿನ ಎಳೆ) ಸಮೇತ ಕಿತ್ತು ಬರುತ್ತವೆ. ಹೆಡ್ಡಿನ ಕೆಳಗಿನಿಂದ ಗಾಳಿ ಸೋರುವ ಚಕ್ ಚಕ್ ಸದ್ದು ಬಂದರೆ ಅದೇ. ಎಂಜಿನ್ ಪೂರ್ತಿ ಬಿಚ್ಚಿ ಪ್ರತಿ ತೂತಿಗೂ ಉಕ್ಕಿನ ಮರೆ ಕೂರಿಸುವುದೊಂದೇ ದಾರಿ. 1977ರಲ್ಲಿ ಬಂದ 911 ಎಸ್‌ಸಿಯ 3.0 ಎಂಜಿನ್‌ಗೆ ಅಲ್ಯೂಮಿನಿಯಂ ಕವಚ. ಅದರ ರೋಗ ಬೇರೆ: ಕೆಳಸಾಲಿನ ಬೋಲ್ಟುಗಳು ತುಕ್ಕಿನಿಂದ ತುಂಡಾಗುತ್ತವೆ, ಚೈನ್ ಟೆನ್ಷನರ್ ಕುಸಿಯುತ್ತದೆ. ಟೆನ್ಷನರ್‌ಗೆ ಮದ್ದಿದೆ, ಮುಂದಿನ ಕರೇರಾದ ಎಣ್ಣೆ ಒತ್ತಡದಿಂದ ನಡೆಯುವ ಬಗೆಯನ್ನು ಹಾಕಿಸಬಹುದು. ಕೊಳ್ಳುವವರು ವಾಲ್ವ್ ಕವರ್ ತೆಗೆಸಿ ಬೋಲ್ಟುಗಳನ್ನು ನೋಡಿಸದೆ ಮುಂಗಡ ಕೊಡಬಾರದು.

ಎಸ್‌ಸಿಯಲ್ಲೂ ಕೆ-ಜೆಟ್ರಾನಿಕ್ಕೇ. ತಣ್ಣಗಿರುವಾಗ ಒಮ್ಮೆ ಹಿಂದಕ್ಕೆ ಸಿಡಿದರೆ ಪ್ಲಾಸ್ಟಿಕ್ಕಿನ ಏರ್‌ಬಾಕ್ಸ್ ಬಿರುಕು ಬಿಡುತ್ತದೆ, ಗಾಡಿ ಅಲ್ಲೇ ನಿಲ್ಲುತ್ತದೆ. ಒತ್ತಡ ಹೆಚ್ಚಾದಾಗ ತೆರೆದುಕೊಳ್ಳುವ ಪುಟ್ಟ ಮುಚ್ಚಳವೊಂದನ್ನು ಏರ್‌ಬಾಕ್ಸಿಗೆ ಅಂಟಿಸುವುದು ಅದಕ್ಕೇ. ಎಣ್ಣೆ ನೋಡುವ ಕ್ರಮವೂ ಬೇರೆ. 911ರಲ್ಲಿ ಎಣ್ಣೆ ಎಂಜಿನ್ ತಳದಲ್ಲಿ ನಿಲ್ಲದೆ ಪ್ರತ್ಯೇಕ ಟ್ಯಾಂಕಿನಲ್ಲಿರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿ, ಐಡಲ್‌ನಲ್ಲಿ ಓಡುತ್ತಿರುವಾಗಲೇ ಕಡ್ಡಿ ಎಳೆದು ನೋಡಬೇಕು. ನಿಲ್ಲಿಸಿ ನೋಡಿ, ಕಡಿಮೆ ಇದೆಯೆಂದು ಒಂದು ಲೀಟರ್ ಸುರಿದರೆ ಹೆಚ್ಚಾದದ್ದು ಏರ್ ಫಿಲ್ಟರಿಗೆ ಹೋಗಿ ಹಿಂದೆಲ್ಲ ಹೊಗೆ. ವಾಲ್ವ್ ಸಂದು 0.10 ಮಿಮೀ, ಎಂಜಿನ್ ತಣ್ಣಗಿರುವಾಗ. ತುಕ್ಕಿನ ವಿಷಯಕ್ಕೆ 1976ರ ಮಾದರಿಯೇ ಗಡಿ, ಅಲ್ಲಿಂದ ಗಾಡಿಯ ಮೈಗೆ ಸತುವಿನ ಲೇಪದ ತಗಡು ಬಂತು.

930 ಎಂದು ಕರೆಯುವ 911 ಟರ್ಬೊ 1974ರ ಪ್ಯಾರಿಸ್ ಪ್ರದರ್ಶನದಲ್ಲಿ ಬಂತು: 3.0 ಲೀಟರ್, 260 ಅಶ್ವಶಕ್ತಿ, ನಾಲ್ಕೇ ಗೇರು. ಟರ್ಬೊ ನಿಧಾನವಾಗಿ ಎದ್ದು ಒಮ್ಮೆಲೇ ದೂಡುತ್ತದೆ. ತಿರುವಿನಲ್ಲಿ ಬೆದರಿ ಕಾಲು ತೆಗೆದರೆ ಹಿಂಭಾಗದ ಭಾರ ಗಾಡಿಯನ್ನು ಸುತ್ತಿಸುತ್ತದೆ. ಇದೇ ಮನೆಯಲ್ಲಿ 1977ರಲ್ಲಿ ಅದಕ್ಕೆ ತದ್ವಿರುದ್ಧವಾದ 928 ಹುಟ್ಟಿತು. ಮುಂದೆ ವಿ8, ಹಿಂದೆ ಗೇರ್‌ಬಾಕ್ಸ್, ತಿರುವಿನಲ್ಲಿ ಕಾಲು ತೆಗೆದರೂ ಚಕ್ರದ ಕೋನ ತಾನೇ ಸರಿಪಡಿಸುವ ಹಿಂಬದಿ ಆಕ್ಸಲ್. 911ರ ಜಾಗಕ್ಕೆಂದು ಬಂದದ್ದು, 1978ರ ಯುರೋಪಿನ ವರ್ಷದ ಕಾರೂ ಆಯಿತು. ಆದರೂ 911 ಕದಲಲಿಲ್ಲ. ಇಂಜಿನಿಯರಿಂಗ್ ದೃಷ್ಟಿಯಿಂದ 928 ಮೇಲು. ಮಾರುಕಟ್ಟೆ ಇಂಜಿನಿಯರುಗಳ ಮಾತು ಕೇಳುವುದು ಕಡಿಮೆ.

ಸಂಜೆ ನಗರದ ಪಶ್ಚಿಮಕ್ಕೆ, ಲಿಯೋನ್‌ಬರ್ಗ್ ಬಳಿಯ ಹಳೆಯ ಸಾಲಿಟ್ಯೂಡ್ ಓಟದ ದಾರಿ. 11.4 ಕಿಮೀ ಸುತ್ತು, 1965ರವರೆಗೆ ರೇಸು, ಈಗ ಕಾಡಿನೊಳಗಿನ ಸಾಮಾನ್ಯ ರಸ್ತೆ. 1962ರಲ್ಲಿ ಅಮೆರಿಕದ ಚಾಲಕ ಡಾನ್ ಗರ್ನಿ ಪೋರ್ಶೆಯ ಫಾರ್ಮುಲಾ ಒನ್ ಗಾಡಿಯಲ್ಲಿ ಗೆದ್ದದ್ದು ಇಲ್ಲಿ. ವೇಗಮಿತಿಯ ಫಲಕಗಳನ್ನು ನೋಡಿಕೊಂಡು ಒಂದು ಸುತ್ತು ಸಾಕು. ಎಡಬದಿಯ ಸ್ಟೀರಿಂಗ್, ಕಾಲಿನಿಂದ ಒತ್ತಿ ಡ್ಯಾಶ್‌ಬೋರ್ಡಿನ ಗುಬುಟು ಎಳೆದು ಬಿಡಿಸುವ ಪಾರ್ಕಿಂಗ್ ಬ್ರೇಕ್, ಇವಕ್ಕೆ ಒಗ್ಗಿಕೊಳ್ಳಲು ಒಳ್ಳೆಯ ಜಾಗ.

ಶುಕ್ರವಾರ: ಬಾಡೆನ್-ಬಾಡೆನ್, ಬಿ500, ಫ್ರಾಯ್ಡೆನ್‌ಸ್ಟಾಟ್

ಬೆಳಗ್ಗೆ ಎ8 ಆಟೋಬಾನಿನಲ್ಲಿ ಫೋರ್ಟ್ಸ್‌ಹೈಮ್ ದಾಟಿ ಬಾಡೆನ್-ಬಾಡೆನ್. ಅಲ್ಲೇ ಟ್ಯಾಂಕ್ ತುಂಬಿಸಿ, ಬೆಟ್ಟದ ಮೇಲೆ ಬಂಕು ಅಪರೂಪ. ನೂರು ಕಿಲೋಮೀಟರಿಗೆ 16ರಿಂದ 20 ಲೀಟರ್ ಕುಡಿಯುವ ಗಾಡಿ ಇದು, ಹತ್ತುದಾರಿಯಲ್ಲಿ ಇನ್ನೂ ಒಂದು ಗುಟುಕು ಹೆಚ್ಚು.

ಬ್ಲ್ಯಾಕ್ ಫಾರೆಸ್ಟಿನ ನೆತ್ತಿಯ ಮೇಲೆ ಸಾಗುವ ಬಿ500 ಹೆದ್ದಾರಿ ಸುಮಾರು 60 ಕಿಮೀ. ಎಂಟುನೂರು ಮೀಟರಿಗೂ ಹೆಚ್ಚು ಏರಬೇಕು. ತಿರುವುಗಳು ಉದ್ದ, ನಿಧಾನ. ಸ್ಟೀರಿಂಗ್ ನಡುವಿನಲ್ಲಿ ಒಂಚೂರು ಸಡಿಲ ಅನಿಸುವುದು ಈ ಗಾಡಿಗೆ ಸಹಜ, ಒಂದಿಂಚಿಗಿಂತ ಹೆಚ್ಚಿದ್ದರೆ ಸ್ಟೀರಿಂಗ್ ಬಾಕ್ಸ್ ಬಿಗಿ ಮಾಡಿಸಬೇಕು. ಮುಮೆಲ್‌ಸೀ ಸರೋವರ 1,036 ಮೀಟರ್ ಎತ್ತರದಲ್ಲಿ. ಎಲ್ಲರೂ ನಿಲ್ಲಿಸುವ ಜಾಗ. ಕಾಫಿ ಕುಡಿದು ಅರ್ಧ ಗಂಟೆಗೆ ಬಂದು ಕೀಲಿ ತಿರುಗಿಸಿದರೆ ಎಂಜಿನ್ ಸುತ್ತುತ್ತದೆ, ಹೊತ್ತಿಕೊಳ್ಳುವುದಿಲ್ಲ. ಕೆ-ಜೆಟ್ರಾನಿಕ್ ಗಾಡಿಗಳ ಹೆಸರುವಾಸಿ ಕಾಯಿಲೆ ಇದು.

ಯಾಕೆ ಹೀಗೆ? ಈ ವ್ಯವಸ್ಥೆಯಲ್ಲಿ ಕಂಪ್ಯೂಟರ್ ಇಲ್ಲ. ಒಳಬರುವ ಗಾಳಿ ದುಂಡನೆಯ ತಟ್ಟೆಯೊಂದನ್ನು ಎತ್ತುತ್ತದೆ. ತಟ್ಟೆಯ ಸನ್ನೆಕೋಲು ಒಂದು ಸಣ್ಣ ಕಡ್ಡಿಯನ್ನು ಮೇಲಕ್ಕೆ ದೂಡುತ್ತದೆ, ಕಡ್ಡಿ ಮೇಲೇರಿದಷ್ಟೂ 0.2 ಮಿಮೀ ಅಗಲದ ಸೀಳುಗಳು ಹೆಚ್ಚು ತೆರೆದು ಅಷ್ಟಷ್ಟೇ ಪೆಟ್ರೋಲ್ ಇಂಜೆಕ್ಟರ್‌ಗಳಿಗೆ ಹೋಗುತ್ತದೆ. ಗಾಳಿಗೆ ತಕ್ಕ ಪೆಟ್ರೋಲ್, ಕ್ಷಣವೂ ತಪ್ಪದೆ. ಎಂಜಿನ್ ನಿಂತ ಮೇಲೂ ಕೊಳವೆಗಳಲ್ಲಿ ಒತ್ತಡ ಉಳಿದಿರಬೇಕು; ಆ ಕೆಲಸ ಪಂಪಿನೊಳಗಿನ ಹಿಂತಡೆ ವಾಲ್ವಿನದು ಮತ್ತು ಹಿಂದಿನ ಆಕ್ಸಲ್ ಬಳಿ ಕೂತ, ಒತ್ತಡ ಕಾಯ್ದಿಡುವ ಅಕ್ಯುಮುಲೇಟರಿನದು. ಅವು ಸೋತರೆ ಒತ್ತಡ ಇಳಿಯುತ್ತದೆ, ಬಿಸಿ ಎಂಜಿನ್ ಮೇಲಿನ ಕೊಳವೆಯಲ್ಲಿ ಪೆಟ್ರೋಲ್ ಕುದಿದು ಆವಿಯಾಗುತ್ತದೆ. ಐದು ನಿಮಿಷದೊಳಗೆ ಚಾಲೂ ಮಾಡಿದರೆ ತೊಂದರೆಯಿಲ್ಲ, ಒಂದೆರಡು ಗಂಟೆ ಬಿಟ್ಟರೂ ಇಲ್ಲ. ಮಧ್ಯದ ಹೊತ್ತೇ ಕೆಟ್ಟದ್ದು. ಆಗ ಆಕ್ಸಿಲರೇಟರ್ ಅರ್ಧ ಒತ್ತಿ ಹಿಡಿದು, ಹತ್ತು ಸೆಕೆಂಡು ಸ್ಟಾರ್ಟರ್ ತಿರುಗಿಸಿ, ಅರ್ಧ ನಿಮಿಷ ಬಿಟ್ಟು ಮತ್ತೆ ತಿರುಗಿಸಿ. ಪದೇ ಪದೇ ಒತ್ತಿ ಬಿಡುವುದರಿಂದ ಬ್ಯಾಟರಿ ಇಳಿಯುವುದಷ್ಟೇ ಲಾಭ. ಹೊತ್ತಿಕೊಂಡ ಮೇಲೆ ಕೆಲ ಸೆಕೆಂಡು ಕುಂಟುತ್ತದೆ, ಆಮೇಲೆ ಸರಿಹೋಗುತ್ತದೆ. ಊರಿಗೆ ತಲುಪಿದ ಮೇಲೆ ಮೆಕ್ಯಾನಿಕ್ಕಿಗೆ ಗೇಜ್ ಹಾಕಿ ಉಳಿದ ಒತ್ತಡ ಅಳೆಯಲು ಹೇಳಬೇಕು. ಅಳೆಯದೆ ಇಂಜೆಕ್ಟರ್, ವಾರ್ಮ್‌ಅಪ್ ರೆಗ್ಯುಲೇಟರ್ ಎಂದು ಒಂದೊಂದಾಗಿ ಬದಲಾಯಿಸುವವರಿಂದ ದೂರವಿರಿ.

ಈ ವ್ಯವಸ್ಥೆಯ ದೊಡ್ಡ ಶತ್ರು ಓಟವಲ್ಲ, ನಿಲುಗಡೆ. ವರ್ಷಗಟ್ಟಲೆ ಗ್ಯಾರೇಜಿನಲ್ಲಿ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಸೇರಿ, ತುಕ್ಕಿನ ಪುಡಿ ಆ 0.2 ಮಿಮೀ ಸೀಳಿನವರೆಗೆ ಬಂದು ಕಡ್ಡಿಯನ್ನು ಹಿಡಿಸಿಬಿಡುತ್ತದೆ. ಕಡಿಮೆ ಓಡಿದ ಗಾಡಿ ಎಂದು ಹೆಚ್ಚು ಹಣ ಕೊಡುವವರು ಇದನ್ನು ನೆನಪಿಡಬೇಕು.

ರೂಹೆಸ್ಟೈನ್, ಕ್ನೀಬಿಸ್ ದಾಟಿ ಫ್ರಾಯ್ಡೆನ್‌ಸ್ಟಾಟಿಗೆ ಇಳಿಯುವಾಗ ಬ್ರೇಕಿಗೆ ಪೂರ್ತಿ ಭಾರ ಹಾಕದೆ ಗೇರ್ ಲಿವರನ್ನು ಕೆಳಗಿನ ಸ್ಥಾನಕ್ಕೆ ತನ್ನಿ. ಬ್ರೇಕ್ ದ್ರವ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸದಿದ್ದರೆ ಇಂಥ ಇಳಿಜಾರಿನಲ್ಲಿ ಕುದ್ದು ಪೆಡಲ್ ಮೆತ್ತಗಾಗುತ್ತದೆ.

ಶನಿವಾರ: ಬಿ28ರಲ್ಲಿ ಉಲ್ಮ್‌ಗೆ

ಹೋರ್ಬ್, ಟ್ಯೂಬಿಂಗನ್, ರಾಯ್ಟ್‌ಲಿಂಗನ್. ಊರುಗಳು, ಸಿಗ್ನಲ್ಲುಗಳು, ಬಿಸಿಲಿನ ದಿನವಾದರೆ ತಾಪಮಾನದ ಮುಳ್ಳು ನೋಡುವುದಷ್ಟೇ ಕೆಲಸ. ಬಾಡ್ ಉರಾಖ್ ದಾಟಿ ಸ್ವಾಬಿಯನ್ ಆಲ್ಬ್ ಬೆಟ್ಟಕ್ಕೆ ಏರುವಲ್ಲಿ ಗೇರ್‌ಬಾಕ್ಸಿನ ಆರೋಗ್ಯ ತಿಳಿಯುತ್ತದೆ. ಎಂಜಿನ್ ಎಳೆಯುವ ನಿರ್ವಾತವೇ ಇಲ್ಲಿ ಗೇರ್‌ಬಾಕ್ಸಿಗೆ ಕಾಲು ಎಷ್ಟು ಒತ್ತಿದೆ ಎಂದು ತಿಳಿಸುವುದು. ಆ ತೆಳು ಪೈಪು ಸೀಳಿದ್ದರೆ ಗೇರು ಪ್ರತಿ ಸಲ ಧಡ್ ಎಂದು ಬೀಳುತ್ತದೆ. ಐದು ಸೆಂಟಿಮೀಟರ್ ರಬ್ಬರ್ ಬದಲಾಯಿಸಿದರೆ ಮುಗಿಯಿತು. ಧಡ್ ಎನ್ನುವುದರ ಜೊತೆ ಬಿಳಿ ಹೊಗೆಯೂ ಬಂದರೆ ಆ ನಿರ್ವಾತವನ್ನು ಪಡೆಯುವ ಮಾಡ್ಯುಲೇಟರ್ ಒಳಗಿನ ಪೊರೆ ಹರಿದು, ಗೇರ್‌ಬಾಕ್ಸಿನ ಎಣ್ಣೆ ಎಂಜಿನ್‌ಗೆ ಹೋಗಿ ಉರಿಯುತ್ತಿದೆ. ಅದು ದೊಡ್ಡ ಕೆಲಸವೇನಲ್ಲ, ಆದರೆ ಎಣ್ಣೆಯ ಮಟ್ಟ ನೋಡದೆ ಮುಂದೆ ಹೋಗಬಾರದು.

ಬ್ಲಾಬೊಯ್‌ರೆನ್‌ನ ನೀಲಿ ಬುಗ್ಗೆ ನೋಡಿ ಮಧ್ಯಾಹ್ನಕ್ಕೆ ಉಲ್ಮ್. 161 ಮೀಟರ್ ಎತ್ತರದ ಚರ್ಚಿನ ಗೋಪುರಕ್ಕೆ ಹತ್ತುವವರು ಹತ್ತಲಿ. ಬೆಂಗಳೂರಿನವರಿಗೆ ಇಲ್ಲಿ ಇನ್ನೊಂದು ಆಕರ್ಷಣೆ ಇದೆ: ರಾಬರ್ಟ್ ಬಾಷ್ 1861ರಲ್ಲಿ ಹುಟ್ಟಿದ ಆಲ್ಬೆಕ್ ಉಲ್ಮ್ ಪಕ್ಕದ ಊರು. ಆತ ಕಟ್ಟಿದ ಕಂಪನಿಯ ಕೊಂಬೆಯೇ 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೋ; ಆಡುಗೋಡಿಯಿಂದ ಸ್ಪಾರ್ಕ್ ಪ್ಲಗ್ಗೂ ಡೀಸೆಲ್ ಪಂಪೂ ದೇಶಕ್ಕೆಲ್ಲ ಹೋದವು. 2008ರಲ್ಲಿ ಹೆಸರು ಬಾಷ್ ಲಿಮಿಟೆಡ್ ಆಯಿತು, ಮೈಕೋ ಲೇಔಟ್ ಮಾತ್ರ ಮೈಕೋ ಲೇಔಟ್ ಆಗಿಯೇ ಉಳಿಯಿತು.

ಅಂಗಡಿ ಮುಚ್ಚುವ ಮೊದಲು ಕೊಳ್ಳಬೇಕಾದದ್ದು: ಎಂಜಿನ್ ಎಣ್ಣೆ ಒಂದು ಲೀಟರ್, ಗೇರ್‌ಬಾಕ್ಸ್ ಎಣ್ಣೆ ಅರ್ಧ ಲೀಟರ್, ಬಟ್ಟಿ ಇಳಿಸಿದ ನೀರು, ಎರಡು ಹೋಸ್ ಕ್ಲಿಪ್, ಫ್ಯಾನ್ ಬೆಲ್ಟ್, ಮತ್ತು ಫ್ಯೂಸು. ಈ ಕಾಲದ ಗಾಡಿಗಳ ಫ್ಯೂಸು ಎರಡು ಕಡೆ ಚೂಪಾದ ಪುಟ್ಟ ಗುಳಿಗೆ: ಬಿಳಿ 8 ಆಂಪಿಯರ್, ಕೆಂಪು 16, ನೀಲಿ 25. ಮೇಲಿನ ಲೋಹದ ಪಟ್ಟಿ ಅಲ್ಯೂಮಿನಿಯಮ್ಮಿನದಾದರೆ ತುದಿಗೆ ಬೂದು ಪೊರೆ ಕಟ್ಟಿ ಕರೆಂಟ್ ಹರಿಯುವುದಿಲ್ಲ. ವೈಪರ್ ನಿಂತರೆ, ಇಂಡಿಕೇಟರ್ ಸತ್ತರೆ, ಮೋಟಾರಿಗೆ ಕೈಹಾಕುವ ಮೊದಲು ಫ್ಯೂಸನ್ನು ಬೆರಳಿನಿಂದ ಜಾಗದಲ್ಲೇ ಎರಡು ಸುತ್ತು ತಿರುಗಿಸಿ ನೋಡಿ. ಎಷ್ಟೋ ಸಲ ಅಷ್ಟೇ ಸಾಕು. ಕೊಳ್ಳುವಾಗ ತಾಮ್ರದ ಪಟ್ಟಿಯದನ್ನು ಕೊಳ್ಳಿ.

ಭಾನುವಾರ: ಎ8, ಮ್ಯೂನಿಕ್

1973ರ ನವೆಂಬರ್ 25ರಿಂದ ನಾಲ್ಕು ಭಾನುವಾರ ಇದೇ ಆಟೋಬಾನಿನಲ್ಲಿ ಖಾಸಗಿ ಕಾರು ಓಡಿಸುವುದೇ ನಿಷೇಧ. ತೈಲ ಬಿಕ್ಕಟ್ಟಿಗೆ ಪಶ್ಚಿಮ ಜರ್ಮನಿ ಕೊಟ್ಟ ಉತ್ತರ ಅದು. ಆ ಚಳಿಗಾಲ ಕೆಲ ತಿಂಗಳು ನೂರರ ವೇಗಮಿತಿಯೂ ಇತ್ತು. ಅದು ಹೋದ ಮೇಲೆ ಉಳಿದದ್ದು 130ರ ಸಲಹೆ. ಮಿತಿ ಇಲ್ಲದ ಕಡೆಯೂ 450 ಎಸ್‌ಇಗೆ ಆ ಸಲಹೆ ಹೇಳಿ ಮಾಡಿಸಿದಂತಿದೆ. 210 ಹೋಗಬಲ್ಲದು ನಿಜ, ಆದರೆ ಮೇಲಿನ ಗೇರು ಮೂರನೆಯದೇ ಆದ್ದರಿಂದ 130ಕ್ಕೇ ಎಂಜಿನ್ ನಿಮಿಷಕ್ಕೆ ಸುಮಾರು 3,300 ಸುತ್ತು ಹಾಕುತ್ತಿರುತ್ತದೆ. ಅದಕ್ಕಿಂತ ಮೇಲೆ ಪೆಟ್ರೋಲ್ ಮುಳ್ಳು ಕಣ್ಣೆದುರೇ ಇಳಿಯುತ್ತದೆ.

ಎಣ್ಣೆ ಒತ್ತಡದ ಮುಳ್ಳು ಓಟದಲ್ಲಿ 3ಕ್ಕೆ ಅಂಟಿಕೊಂಡಿರಬೇಕು. ಆಟೋಬಾನಿನಿಂದ ಇಳಿದು ಸಿಗ್ನಲ್ಲಿನಲ್ಲಿ ನಿಂತಾಗ ಅದು 0.5ರವರೆಗೆ ಬಿದ್ದರೆ ಗಾಬರಿ ಬೇಡ, ಬಿಸಿ ಎಂಜಿನ್ನಿಗೆ ಅದು ಸಹಜ. ಕಾಲು ಒತ್ತಿದ ಕೂಡಲೇ ಮೇಲೇರದಿದ್ದರೆ ಮಾತ್ರ ಅಲ್ಲೇ ನಿಲ್ಲಿಸಿ.

ಮ್ಯೂನಿಕ್‌ನಲ್ಲಿ ಬಿಎಂಡಬ್ಲ್ಯು ಗೋಪುರ ದೂರದಿಂದಲೇ ಕಾಣುತ್ತದೆ. ನಾಲ್ಕು ಸಿಲಿಂಡರ್ ನಿಲ್ಲಿಸಿದ ಆಕಾರ, ಕಾರ್ಲ್ ಶ್ವಾಂಜರ್ ವಿನ್ಯಾಸ, ಅಂತಸ್ತುಗಳು ಮೇಲಿನಿಂದ ನೇತುಬಿದ್ದಿವೆ. ಪಕ್ಕದ ಬಟ್ಟಲಿನಾಕಾರದ ಮ್ಯೂಸಿಯಂ 1973ರದು. ಪ್ರದರ್ಶನ ಆಗಾಗ ಬದಲಾಗುತ್ತದೆ. ಇ9 ಎಂಬ ಎರಡು ಬಾಗಿಲಿನ ಕೂಪೆ ಇದ್ದರೆ ಬೇರೆಲ್ಲ ಬಿಟ್ಟು ಅಲ್ಲಿಗೆ ಹೋಗಿ. 3.0 ಸಿಎಸ್‌ಐ, 200 ಅಶ್ವಶಕ್ತಿಯ ನೇರ ಆರು ಸಿಲಿಂಡರ್. ಕಿಟಕಿಗಳ ನಡುವೆ ಕಂಬವಿಲ್ಲದ, ತೆಳ್ಳನೆಯ ಮಾಡು. ಎಪ್ಪತ್ತರಲ್ಲಿ ಜರ್ಮನಿಯಲ್ಲಿ ಇದಕ್ಕಿಂತ ಚೆಂದದ ಗಾಡಿ ಆಗಲಿಲ್ಲ ಎಂದರೆ ಪೋರ್ಶೆಯವರು ಮೂಗು ಮುರಿಯಬಹುದು, ಮುರಿಯಲಿ. ಬಾಡಿ ಕಟ್ಟಿದ್ದು ಓಸ್ನಾಬ್ರುಕ್‌ನ ಕಾರ್ಮನ್. ತಗಡಿನ ಮಡಿಕೆಗಳಲ್ಲಿ ನೀರು ನಿಲ್ಲುತ್ತದೆ, ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ. ಮುಂದಿನ ಮಡ್‌ಗಾರ್ಡಿನ ಮೇಲ್ತುದಿಯಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ ಒಳಗೆ ಸಸ್ಪೆನ್ಷನ್ ಗೋಪುರದ ತಗಡು ಹೋಗಿದೆ ಎಂದೇ ಲೆಕ್ಕ. ಬಾಗಿಲ ಕೆಳಗಿನ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ, ದಪ್ಪ ಸದ್ದು ಬಂದರೆ ಪುಟ್ಟಿ ತುಂಬಿದ್ದಾರೆ. ಎಂಜಿನ್ ಗಟ್ಟಿ, ಒಮ್ಮೆ ಕುದ್ದರೆ ಮಾತ್ರ ಹೆಡ್ ಬಿರುಕು ಬಿಡುತ್ತದೆ.

ಇದರ ರೇಸಿನ ರೂಪ ಸಿಎಸ್‌ಎಲ್: ಅಲ್ಯೂಮಿನಿಯಂ ಬಾಗಿಲು, ತೆಳು ತಗಡು. ಹಿಂದಿನ ದೊಡ್ಡ ರೆಕ್ಕೆಗೆ ಜರ್ಮನಿಯ ರಸ್ತೆಯಲ್ಲಿ ಅನುಮತಿ ಇರಲಿಲ್ಲ, ಡಿಕ್ಕಿಯಲ್ಲಿಟ್ಟು ಮಾರಿದರು. ಯುರೋಪಿನ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್ 1973ರಲ್ಲಿ, ಮತ್ತೆ 1975ರಿಂದ 1979ರವರೆಗೆ ಪ್ರತಿ ವರ್ಷ ಈ ಕೂಪೆಯ ಪಾಲು. ಅದೇ ಕಾಲದ 2002 ಟರ್ಬೊದ ಹಣೆಬರಹ ಬೇರೆ. 170 ಅಶ್ವಶಕ್ತಿ, ಮುಂದಿನ ಗಾಡಿಯವರ ಕನ್ನಡಿಯಲ್ಲಿ ಓದಲೆಂದು ಮುಂದಿನ ಸ್ಪಾಯ್ಲರ್ ಮೇಲೆ ತಿರುಗುಮುರುಗಾಗಿ ಬರೆದ ಹೆಸರು, 1973ರ ಫ್ರಾಂಕ್‌ಫರ್ಟ್ ಪ್ರದರ್ಶನ. ಕೆಲವೇ ವಾರಗಳಲ್ಲಿ ತೈಲ ಬಿಕ್ಕಟ್ಟು ಎದುರಾಯಿತು, 1,672ಕ್ಕೆ ನಿಲ್ಲಿಸಿದರು.

ಗಾಡಿಯನ್ನು ಹೋಟೆಲಿನ ಬಳಿಯೇ ಬಿಟ್ಟು ಯು3 ಮೆಟ್ರೊದಲ್ಲಿ ಒಲಿಂಪಿಯಾಜೆಂಟ್ರುಮ್ ನಿಲ್ದಾಣಕ್ಕೆ ಬರುವುದು ಸುಲಭ. ಬಾಡಿಗೆಯವರಿಗೆ ಗಾಡಿ ಹಿಂತಿರುಗಿಸಲು ಮತ್ತೆ ಸ್ಟುಟ್‌ಗಾರ್ಟಿಗೇ ಹೋಗಬೇಕಿದ್ದರೆ ಎ8ರಲ್ಲಿ ಸುಮಾರು 230 ಕಿಮೀ. ರಾತ್ರಿ ಹತ್ತಕ್ಕೆ ಲಾರಿಗಳು ಮತ್ತೆ ಇಳಿಯುತ್ತವೆ, ಸಂಜೆ ಆರರೊಳಗೆ ಹೊರಡಿ.